ಸಹಾಯ ಬೇಕು: ಅವಸರಪಡಿಸದ ಗಣಿತದ ಆಟ ಯಾವುದಾದರೂ ಇದೆಯೇ?

ಎಲ್ಲರಿಗೂ ನಮಸ್ಕಾರ. ಮಗಳು ಮೂರನೇ ತರಗತಿ, ಕನ್ನಡ ಮಾಧ್ಯಮ. ಮಗ್ಗಿಯನ್ನು ರಾಗವಾಗಿ ಹೇಳುತ್ತಾಳೆ. ನಡುವೆ ತಡೆದು ‘ಏಳಾರಲಿ ಎಷ್ಟು?’ ಎಂದರೆ ಮತ್ತೆ ‘ಏಳೊಂದಲಿ ಏಳು’ ಎಂದು ಮೊದಲಿನಿಂದ ಶುರು. ಕಳೆಯುವ ಲೆಕ್ಕದಲ್ಲಿ ತೊಂದರೆ ಇನ್ನೂ ಹೆಚ್ಚು. 52ರಲ್ಲಿ 38 ಕಳೆದರೆ 26 ಎನ್ನುತ್ತಾಳೆ. ದಶಕ ತೆಗೆದುಕೊಳ್ಳುವ ಬದಲು ಎಂಟರಲ್ಲೇ ಎರಡನ್ನು ಕಳೆದುಬಿಡುತ್ತಾಳೆ.

ಮೊಬೈಲಿಗೆ ಒಂದು ಆಟ ಹಾಕಿಕೊಟ್ಟೆ. ಮೂರು ಹಂತ ದಾಟುವಷ್ಟರಲ್ಲಿ ದುಡ್ಡು ಕೇಳಿತು. ಜೊತೆಗೆ ಹತ್ತು ಸೆಕೆಂಡಿನ ಗಡುವು! ಲೆಕ್ಕ ಬಿಟ್ಟು, ನಾಲ್ಕು ಉತ್ತರಗಳಲ್ಲಿ ಯಾವುದೋ ಒಂದನ್ನು ಒತ್ತುವುದನ್ನು ಮಾತ್ರ ಚೆನ್ನಾಗಿ ಕಲಿತಳು.

ಈಗ ಹಳೆಯ ಲ್ಯಾಪ್‌ಟಾಪಿನಲ್ಲಿ ಟಕ್ಸ್‌ಮ್ಯಾತ್ ಇದೆ. ಧೂಮಕೇತುಗಳು ಬೀಳುತ್ತವೆ, ಸರಿಯುತ್ತರ ಟೈಪ್ ಮಾಡಿದರೆ ಸಿಡಿಯುತ್ತವೆ, ಪೆಂಗ್ವಿನ್‌ಗಳು ಬದುಕಿಕೊಳ್ಳುತ್ತವೆ. ಉಚಿತ, ಇಂಟರ್ನೆಟ್ ಬೇಡ. ಮಗ್ಗಿಗೆ ಒಳ್ಳೆಯದೇ, ಆದರೆ ಕಳೆಯುವಾಗ ಎಲ್ಲಿ ತಪ್ಪಾಯಿತೆಂದು ಬಿಡಿಸಿ ತೋರಿಸುವುದಿಲ್ಲ.

ನನಗೆ ಬೇಕಿರುವುದು ಹತ್ತು ಕಡ್ಡಿಯ ಕಟ್ಟು ಬಿಚ್ಚಿ ಬಿಡಿಯಾಗಿಸುವುದನ್ನು ಕಣ್ಣಿಗೆ ಕಾಣಿಸುವ, ಗಡುವಿಲ್ಲದ ಆಟ. ಕನ್ನಡದಲ್ಲಿದ್ದರೆ ಇನ್ನೂ ಸಂತೋಷ. ಜಿಕಾಂಪ್ರಿ ಎಂಬ, ಮಕ್ಕಳ ಕಲಿಕೆಯ ಆಟಗಳಿರುವ ತಂತ್ರಾಂಶವನ್ನು ಈ ವಯಸ್ಸಿನ ಮಕ್ಕಳಿಗೆ ಯಾರಾದರೂ ಬಳಸಿದ್ದೀರಾ? ಚೌಕಾಬಾರ ಆಡಿಸು ಎಂದು ನಮ್ಮ ಅತ್ತೆ ಹೇಳುತ್ತಾರೆ. ಆಡುತ್ತಲೂ ಇದ್ದೇವೆ, ಆದರೆ ನಾಲ್ಕು ಕವಡೆಗಳಲ್ಲಿ ಎಂಟಕ್ಕಿಂತ ಹೆಚ್ಚು ಬೀಳುವುದಿಲ್ಲವಲ್ಲ!

ಆಟದ ಹೆಸರಿನ ಜೊತೆಗೆ, ನಿಮ್ಮ ಮಗು ಅದನ್ನು ಎಷ್ಟು ದಿನ ಬೇಸರವಿಲ್ಲದೆ ಆಡಿತು ಎಂಬುದನ್ನೂ ದಯವಿಟ್ಟು ತಿಳಿಸಿ.