ಆನ್‌ಲೈನ್ ಪೋಕರ್ ನಿಷೇಧ: ನಾವು ಸುಮ್ನೆ ಇರಬೇಕಾ?

ಪ್ರಶ್ನೆ, ಕುಂಬಳೆಯಿಂದ:
2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ, ಅದು ಜಾಣ್ಮೆಯದಾ ಅದೃಷ್ಟದ್ದಾ ಅಂತ ನೋಡುವುದೇ ಇಲ್ಲ. ನಾನು ನಾಲ್ಕು ವರ್ಷ ಪೋಕರ್ ಅನ್ನೋ ಇಸ್ಪೀಟಾಟ ಆಡಿದವನು. ಕೈಗೆ ಏಳು, ಎರಡರಂಥ ದುರ್ಬಲ ಎಲೆ ಬಂದರೆ ಆ ಸುತ್ತು ಬಿಟ್ಟು ಕಾಯುತ್ತಿದ್ದೆ. ಎದುರಿನವನು ಯಾವಾಗ ಪಣ ಎಷ್ಟು ಏರಿಸುತ್ತಾನೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಇದು ಜುಗಾರಿ ಹೇಗಾಗುತ್ತದೆ? ಇಲ್ಲಿ ಕೇರಳ ಸರ್ಕಾರವೇ 1967ರಿಂದ ಲಾಟರಿ ನಡೆಸುತ್ತಿದೆ, ಅದು ಪೂರ್ತಿ ಅದೃಷ್ಟ ಅಲ್ವಾ? ವಿರೋಧಿಸಲು ಏನು ಮಾಡಬಹುದು?

ಉತ್ತರ, ಮಂಜೇಶ್ವರದಿಂದ:
ಅಣ್ಣಾ, ಕೋರ್ಟಿನ ದಾರಿ ಇದೆ. ಕೇರಳ ಸರ್ಕಾರ 2021ರಲ್ಲಿ ಆನ್‌ಲೈನ್ ರಮ್ಮಿ ನಿಷೇಧಿಸಿದಾಗ ಅದೇ ವರ್ಷ ಹೈಕೋರ್ಟ್ ಅದನ್ನು ರದ್ದು ಮಾಡಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ರಮ್ಮಿ, ಪೋಕರ್ ಜಾಣ್ಮೆಯ ಆಟ ಅಂತಲೇ ಹೇಳಿತು. ಸಂಸದರಿಗೂ ಪತ್ರ ಬರೆಯಿರಿ, ಕನ್ನಡದಲ್ಲೇ.

ಉತ್ತರ, ಬದಿಯಡ್ಕದಿಂದ:
ನಮ್ಮ ಭಾವ ಆಡಿ ಆಡಿ ಅಕ್ಕನ ಬಳೆ ಅಡವಿಟ್ಟಿದ್ದರು. ಬಳೆ ಬಿಡಿಸಲು ಅಪ್ಪ ಅಡಿಕೆ ಮಾರಿದ ದುಡ್ಡು ಕೊಡಬೇಕಾಯಿತು. ಹಾಗಾಗಿ ಕಡಿವಾಣ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ನಿಷೇಧ ಬಂದ ಮೇಲೆ ಅವರು ಆಟ ಬಿಡಲಿಲ್ಲ, ಯಾವುದೋ ವಿದೇಶಿ ಆ್ಯಪ್‌ಗೆ ಹೋದರು, ಅಲ್ಲಿ ದುಡ್ಡು ಸಿಕ್ಕಿಹಾಕಿಕೊಂಡರೆ ಕೇಳುವವರೇ ಇಲ್ಲ. ತಿಂಗಳಿಗೆ ಇಷ್ಟೇ ಅಂತ ಮಿತಿ ಹಾಕಲಿ, ವಯಸ್ಸು ಸರಿಯಾಗಿ ನೋಡಲಿ.

ಕುಂಬಳೆಯಿಂದ:
ಅಕ್ಕನ ವಿಷಯ ಕೇಳಿ ಬೇಜಾರಾಯಿತು. ಪತ್ರದಲ್ಲಿ ಆ ಮಿತಿಯ ಮಾತನ್ನೇ ಮೊದಲು ಬರೆಯುತ್ತೇನೆ.