ಹಳೆಯ ಲ್ಯಾಪ್‌ಟಾಪಿನಲ್ಲಿ ಸ್ವಂತ ಕಡತ ಸರ್ವರ್: ನೆಕ್ಸ್ಟ್‌ಕ್ಲೌಡ್ ಆದೀತೇ?

ಪ್ರಶ್ನೆ: 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ (ಒಂದು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ) ಹಾಕಿ, ಮನೆಯ ಮೂರು ಫೋನ್‌ಗಳ ಫೋಟೋಗಳನ್ನೂ ಕಡತಗಳನ್ನೂ ಸಿಂಕ್ ಮಾಡಲು (ಎಲ್ಲ ಕಡೆಯೂ ಒಂದೇ ಆಗಿರಿಸಲು) ನೆಕ್ಸ್ಟ್‌ಕ್ಲೌಡ್ ಎಂಬ ಸರ್ವರ್ ತಂತ್ರಾಂಶವನ್ನು ಪ್ರಯೋಗಿಸುತ್ತಿದ್ದೇನೆ. ಮೂರೂ ಫೋನ್‌ಗಳು ಒಟ್ಟಿಗೆ ಫೋಟೋ ಕಳಿಸಿದಾಗ ‘ಡೇಟಾಬೇಸ್ ಈಸ್ ಲಾಕ್ಡ್’ ಎಂಬ ದೋಷ ಬರುತ್ತಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ನೆಕ್ಸ್ಟ್‌ಕ್ಲೌಡ್ ಕಡತಗಳ ವಿವರ ಬರೆದಿಡುವ ಡೇಟಾಬೇಸ್ ಆಗಿ ತಾವು ಎಸ್‌ಕ್ಯೂಲೈಟ್ ಆರಿಸಿರಬೇಕು. ಅದರಲ್ಲಿ ಒಂದು ಸಲಕ್ಕೆ ಒಂದೇ ಬರವಣಿಗೆ ನಡೆಯುವುದರಿಂದ, ಹಲವು ಸಾಧನಗಳು ಒಮ್ಮೆಗೇ ಕಡತ ಕಳಿಸಿದರೆ ಉಳಿದವು ಕಾದು ಕಾದು ಸೋಲುತ್ತವೆ. ಹಲವು ಬರವಣಿಗೆಗಳನ್ನು ಒಟ್ಟಿಗೆ ನಿಭಾಯಿಸುವ ಮರಿಯಾಡಿಬಿ ಎಂಬ ಡೇಟಾಬೇಸಿಗೆ ಬದಲಾಯಿಸಿ; ನೆಕ್ಸ್ಟ್‌ಕ್ಲೌಡಿನಲ್ಲಿ ‘ಡಿಬಿ:ಕನ್ವರ್ಟ್-ಟೈಪ್’ ಎಂಬ ಆಜ್ಞೆ ಇದಕ್ಕೆಂದೇ ಇದೆ. ಹಿನ್ನೆಲೆ ಕೆಲಸಗಳನ್ನು 5 ನಿಮಿಷಕ್ಕೊಮ್ಮೆ ಓಡುವಂತೆ ಕ್ರಾನ್‌ಗೆ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಲಿನಕ್ಸ್ ಸೌಲಭ್ಯ) ವಹಿಸಿ.

ಉತ್ತರ 2: ಕ್ಯಾಲೆಂಡರ್, ಸಂಪರ್ಕ ಪಟ್ಟಿ ಬೇಡವಾದರೆ, ಕಡತ ಸಿಂಕಿಗೆಂದೇ ಇರುವ ಇನ್ನೊಂದು ಸರ್ವರ್ ತಂತ್ರಾಂಶ ಸೀಫೈಲ್ ನೋಡಬಹುದು. ಆದರೆ ಅದು ಕಡತಗಳನ್ನು ತುಂಡುಗಳಾಗಿ ಇಡುವುದರಿಂದ, ಸರ್ವರಿನ ಡಿಸ್ಕನ್ನು ನೇರವಾಗಿ ತೆರೆದರೆ ತಮ್ಮ ಫೋಟೋ ಫೋಟೋವಾಗಿ ಕಾಣಸಿಗದು. ನನಗೇಕೋ ಅದು ಹಿಡಿಸಲಿಲ್ಲ.

ಉತ್ತರ 3: ಯಾವುದನ್ನೇ ಆರಿಸಿದರೂ ಸಿಂಕನ್ನು ಬ್ಯಾಕಪ್ ಎಂದು ಭಾವಿಸಬೇಡಿ, ಸಿಂಕ್ ಆಗುವ ಫೋಲ್ಡರಿನಲ್ಲಿ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಡೇಟಾ ಫೋಲ್ಡರಿನ ಜೊತೆಗೆ ಡೇಟಾಬೇಸಿನ ಪ್ರತಿಯನ್ನೂ ಬೇರೆ ಡಿಸ್ಕಿಗೆ ತೆಗೆದಿಡಿ.

ಪ್ರಶ್ನಿಸಿದವರು: ಮರಿಯಾಡಿಬಿಗೆ ಬದಲಿಸಿದ ಮೇಲೆ, ನಿನ್ನೆ ರಾತ್ರಿ ಮೂರೂ ಫೋನ್‌ಗಳ ಫೋಟೋಗಳು ತಡೆಯಿಲ್ಲದೆ ಏರಿದವು. ಇನ್ನು ಬ್ಯಾಕಪ್ ಡಿಸ್ಕ್ ತರಬೇಕು.