ಅಂಕ ಬಿದ್ದ ಎರಡು ಪ್ರಬಂಧಗಳಲ್ಲಿ ಯಾವುದನ್ನು ಕಳುಹಿಸುವುದು? ಅನುಭವವಿದ್ದವರು ತಿಳಿಸಿ

ಮಡಿಕೇರಿಯ ತಾಯಿ:
ಮಗಳು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿದ್ದಾಳೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು ಅರ್ಜಿಯ ಜೊತೆಗೆ, ತರಗತಿಗಾಗಿ ಬರೆದು ಶಿಕ್ಷಕರಿಂದ ಅಂಕ ಪಡೆದ ಒಂದು ಬರಹವನ್ನು ಕೇಳುತ್ತದೆ. ಅವಳ ಬಳಿ ಎರಡಿವೆ: 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದುದರ ಬಗ್ಗೆ ಇತಿಹಾಸದ ಪ್ರಬಂಧ, ಮತ್ತು 2018ರ ಭೂಕುಸಿತದ ಬಗ್ಗೆ ಇಂಗ್ಲಿಷ್ ತರಗತಿಗೆ ಬರೆದದ್ದು. ಯಾವುದು ಸೂಕ್ತ?

ಗೋಣಿಕೊಪ್ಪದ ತಂದೆ:
ಕಣ್ಣು ಮುಚ್ಚಿ ಇತಿಹಾಸದ್ದನ್ನೇ ಕಳುಹಿಸಿ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ನಮ್ಮಿಂದ 85,000 ರೂಪಾಯಿ ಪಡೆದು, ಮಗನ ಪ್ರಬಂಧವನ್ನು ಮನ ಕರಗುವ ಕಥೆಯಾಗಿ ತಿದ್ದಿ ಕೊಟ್ಟರು. ಕಥೆ, ಕವಿತೆ ಬೇಡ, ವಿಷಯವನ್ನು ವಿವರಿಸಿ ವಾದಿಸುವ ಬರಹವೇ ಬೇಕು ಎಂದು ವಿಶ್ವವಿದ್ಯಾಲಯ ಸ್ಪಷ್ಟವಾಗಿ ಬರೆದಿರುವಾಗ ಇವರು ಓದಿದ್ದೇನು? ಅದನ್ನು ಬದಿಗಿಟ್ಟು, 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ್ದರ ಬಗ್ಗೆ ಅವನೇ ಬರೆದಿದ್ದ ಎರಡು ಪುಟಗಳನ್ನು ಕಳುಹಿಸಿದೆವು. ಅಂಚಿನಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ "ಇದಕ್ಕೆ ಆಧಾರವೇನು?" ಎಂದು ಕೇಳಿದ್ದರು, ಇಲ್ಲಿನ ಜೆರಾಕ್ಸ್ ಅಂಗಡಿಯ ಸ್ಕ್ಯಾನ್‌ನಲ್ಲಿ ಆ ಅಕ್ಷರಗಳು ಮಸಿ ಬಳಿದಂತೆ ಕಾಣುತ್ತಿದ್ದುದರಿಂದ, ಕಲರ್ ಸ್ಕ್ಯಾನ್‌ಗಾಗಿ ಮೈಸೂರಿಗೇ ಹೋಗಬೇಕಾಯಿತು. ಅರ್ಜಿಗೆ ಜನವರಿ 1 ಕೊನೆಯ ದಿನ, ತೋಟದಲ್ಲಿ ಕಾಫಿ ಕೊಯ್ಲು, ಕೂಲಿಯಾಳು ಸಿಗುವುದಿಲ್ಲ. ಕಾರಿನ ಡೀಸೆಲ್‌ಗೆ 1,800, ಸ್ಕ್ಯಾನ್‌ಗೆ 40. ಆದರೂ ಮಗನಿಗೆ ಸೀಟು ಸಿಕ್ಕಿತು. ಭೂಕುಸಿತದ ಬರಹ ಬೇಡ, ಆ ವರ್ಷದ ನಂತರ ಕೊಡಗಿನ ಮಕ್ಕಳೆಲ್ಲರೂ ಅದನ್ನೇ ಬರೆಯುತ್ತಾರೆ.

ಮಕ್ಕಂದೂರಿನ ತಾಯಿ:
ಎಲ್ಲರೂ ಬರೆಯುತ್ತಾರೆ ಎಂದು ಗೋಣಿಕೊಪ್ಪದಲ್ಲಿ ಕುಳಿತು ಹೇಳುವುದು ಸುಲಭ. ನಮ್ಮ ಮನೆಯ ಅಂಗಳವೇ ಜಾರಿಹೋಗಿತ್ತು. ಮಗಳು ಅಳುತ್ತಾ ಬರೆದವಳಲ್ಲ. ರಸ್ತೆಗಾಗಿ ಗುಡ್ಡವನ್ನು ಎಲ್ಲಿ ಕಡಿದಿದ್ದರು, ನೀರು ಇಳಿಯುತ್ತಿದ್ದ ತೋಡು ಎಲ್ಲಿ ಮುಚ್ಚಿತ್ತು, ಬಿರುಕು ಮೊದಲು ಕಂಡದ್ದು ಎಲ್ಲಿ ಎಂಬುದನ್ನು ಕ್ರಮವಾಗಿ ಬರೆದು, ಮಳೆಯೊಂದನ್ನೇ ದೂರುವುದು ಸರಿಯಲ್ಲ ಎಂದು ವಾದಿಸಿದ್ದಳು. ಅವಳಿಗೆ ಸೀಟು ಸಿಗಲಿಲ್ಲ, ಕಾರಣವನ್ನೂ ಯಾರೂ ತಿಳಿಸಲಿಲ್ಲ. ಹಾಗೆಂದು ಆ ಬರಹವನ್ನು ಕಳುಹಿಸಿದ್ದು ತಪ್ಪೆಂದು ನಾನು ಒಪ್ಪುವುದಿಲ್ಲ. ನಿಮ್ಮ ಮಗನಿಗೆ ಸೀಟು ಸಿಕ್ಕಿದ್ದು ಆ ಎರಡು ಪುಟಗಳಿಂದಲೇ ಎಂದು ನಿಮಗೆ ಹೇಳಿದವರು ಯಾರು ಸರ್?

ಸೋಮವಾರಪೇಟೆಯ ಉಪನ್ಯಾಸಕ:
ನಮ್ಮ ಕಷ್ಟವನ್ನೂ ಸ್ವಲ್ಪ ಕೇಳಿ. ಬೋರ್ಡ್ ಪರೀಕ್ಷೆಯ ಓಟದಲ್ಲಿರುವ ನಮ್ಮ ಪಿಯು ತರಗತಿಗಳಲ್ಲಿ ಪ್ರಬಂಧ ಬರೆಸಿ ತಿದ್ದುವುದೇ ಅಪರೂಪ, ತಿದ್ದಿದರೂ "ಉತ್ತಮ" ಎಂಬ ಒಂದು ಪದ. ಡಿಸೆಂಬರ್ ಬಂದೊಡನೆ ಪೋಷಕರು ಮನೆಯಲ್ಲಿ ಹೊಸದಾಗಿ ಬರೆಸಿದ ಹಾಳೆಗಳನ್ನು ತಂದು, ಹಳೆಯ ದಿನಾಂಕ ಹಾಕಿ ಅಂಕ ಕೊಡಿ ಎನ್ನುತ್ತಾರೆ. ನಾನು ಹಾಕಿಕೊಡಲಿಲ್ಲ; ಒಬ್ಬರು ಇಂದಿಗೂ ಮಾತು ಬಿಟ್ಟಿದ್ದಾರೆ. ಇನ್ನು ವಿಲೀನದ ಪ್ರಬಂಧದ ವಿಚಾರ. 1952ರ ಚುನಾವಣೆಯಲ್ಲಿ ಕೊಡಗಿನ 24 ಸ್ಥಾನಗಳ ವಿಧಾನಸಭೆಗೆ ಕಾಂಗ್ರೆಸ್ಸಿನಿಂದ 15, ಪಕ್ಷೇತರರು 9 ಮಂದಿ ಆಯ್ಕೆಯಾದರು, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ವಿಲೀನವನ್ನು ವಿರೋಧಿಸಿದವರೂ ಸದನದಲ್ಲಿದ್ದರೆಂಬುದನ್ನು ಹಿಡಿದು ವಾದ ಕಟ್ಟಿದ್ದರೆ ಅದು ಪ್ರಬಂಧ. "ನಮ್ಮ ನಾಡು ಹೋಯಿತು" ಎಂಬ ಗೋಳಾಗಿದ್ದರೆ ಬೇಡ.

ಕುಶಾಲನಗರದ ನಿವೃತ್ತರು:
ಗೋಳು ಎಂದು ಹಗುರವಾಗಿ ಮಾತನಾಡಬೇಡಿ. ಸ್ವಂತ ಸರ್ಕಾರವಿದ್ದ ನಾಡು ಒಂದು ಜಿಲ್ಲೆಯಾದುದನ್ನು ಕಂಡವರ ಮನೆಯಲ್ಲಿ ಬೆಳೆದವನು ನಾನು. ಆ ಹುಡುಗಿ ಅದನ್ನೇ ಬರೆಯಲಿ.

ಸೋಮವಾರಪೇಟೆಯ ಉಪನ್ಯಾಸಕ:
ಅವಳು ಬರೆದು ಅಂಕವನ್ನೂ ಪಡೆದಾಗಿದೆ, ಸ್ವಾಮಿ. ಕೇಳಿರುವುದು ಯಾವುದನ್ನು ಕಳುಹಿಸಬೇಕು ಎಂದು.

ಗೋಣಿಕೊಪ್ಪದ ತಂದೆ:
ಹಳೆಯ ದಿನಾಂಕದ ಮಾತು ನನಗೆ ತಗುಲಿಸಿ ಆಡಿದ್ದಾದರೆ ನೇರವಾಗಿ ಹೇಳಿ. ಮೂಲ ಹಾಳೆಗಳು ಇಂದಿಗೂ ನನ್ನ ಬೀರುವಿನಲ್ಲಿವೆ. ಮಕ್ಕಂದೂರಿನವರ ನೋವು ನನಗೂ ಅರ್ಥವಾಗುತ್ತದೆ, ಆದರೆ ಓದುವವರು ಬರಹ ಹೇಗಿದೆ ಎಂದು ನೋಡುತ್ತಾರೆಯೇ ಹೊರತು ಮನೆ ಬಿದ್ದಿತೇ ಎಂದು ನೋಡುವುದಿಲ್ಲ.

ಮಕ್ಕಂದೂರಿನ ತಾಯಿ:
ನಾನೂ ಅದನ್ನೇ ಹೇಳಿದ್ದು. ನೀವು ಓದದೆ ಉತ್ತರಿಸುತ್ತಿದ್ದೀರಿ. ಮಡಿಕೇರಿಯ ಅಕ್ಕ, ಇವರ ಜಗಳ ಮುಗಿಯುವುದಿಲ್ಲ. ನಿಮ್ಮ ಮಗಳ ಎರಡು ಬರಹಗಳಲ್ಲಿ ಯಾವುದರ ಮೇಲೆ ಶಿಕ್ಷಕರು ಬರೀ ಅಂಕ ಹಾಕದೆ ಟಿಪ್ಪಣಿಯನ್ನೂ ಬರೆದಿದ್ದಾರೆ, ಯಾವುದು ಎರಡು ಪುಟ ಮೀರುವುದಿಲ್ಲ ಎಂಬುದನ್ನು ಮೊದಲು ತಿಳಿಸಿ.